ಹದಿನೈದು ದಿನ ಹೊತ್ತ ದೇಹ

ಆರನೆಯ ದಿನ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕಸ್ತೂರಿ ಮುರಗುಂಡಿಗೆ ಬೇರೊಬ್ಬರ ಎದೆ ನೋಯಿತು.

ಆಗ ಅವಳು ನಾಗರಮಡ್ಡಿಯ ಒಂಬತ್ತನೇ ವಾರ್ಡಿನಲ್ಲಿ, ಮಗ್ಗಕ್ಕೆ ನೂಲಿನ ಕಂಡಕಿ ಸುತ್ತುವ ಹೆಂಗಸರ ನಡುವೆ ಕೂತು ಮತ ಕೇಳುತ್ತಿದ್ದಳು. ಕೈಯಲ್ಲಿ ಅರ್ಧ ಕುಡಿದ ಚಹಾ ಇತ್ತು. ಎದೆಯ ನಡುಭಾಗವನ್ನು ಯಾರೋ ಅಂಗೈಯಿಂದ ಒತ್ತಿ ಹಿಡಿದಂತಾಯಿತು. ಆ ಒತ್ತು ಎಡಭುಜಕ್ಕೆ ಏರಿತು, ಅಲ್ಲಿಂದ ದವಡೆಯ ಕೆಳಗೆ ಬಂದು ನಿಂತಿತು. ಬೆನ್ನು ತಣ್ಣಗಾಯಿತು.

"ಯಾಕವಾ, ಮಾತ ಅರ್ಧಕ್ಕ ಬಿಟ್ಟ ಕುಂತಿ? ಹೊರಿ ತ್ರಾಸ ಕೊಡಾಕತ್ತೈತೇನ?" ಎಂದು ಒಬ್ಬಳು ಕೇಳಿದಳು.

"ಹೂಂ ಯಕ್ಕಾ. ಇವತ್ತ ಜರಾ ಭಾರ ಐತಿ" ಎಂದು ಕಸ್ತೂರಿ ನಕ್ಕಳು.

ಏಳು ನಿಮಿಷ ಅಲುಗದೆ ಕೂತಳು. ನೋವು ಬಂದ ದಾರಿಯಲ್ಲೇ ಇಳಿದುಹೋಯಿತು.

ಹೊರೆ ಕಾಯ್ದೆ ಜಾರಿಗೆ ಬಂದು ಆಗ ಆರು ವರ್ಷವಾಗಿತ್ತು. ಮೊದಲ ಬಾರಿ ಚುನಾವಣೆಗೆ ನಿಲ್ಲುವವರು, ಪಟ್ಟಣ ಪಂಚಾಯತಿಯಿರಲಿ, ವಿಧಾನಸಭೆಯಿರಲಿ, ಮತದಾನಕ್ಕೆ ಮುಂಚೆ ಇಪ್ಪತ್ತೊಂದು ದಿನ ತಮ್ಮ ಕ್ಷೇತ್ರದ ಒಬ್ಬ ಮತದಾರನ ದೇಹವನ್ನು ಹೊರಬೇಕು. ಹೊರೆ ಇಳಿದ ಎರಡು ವಾರಕ್ಕೆ ಮತದಾನ. ಆ ಮತದಾರನನ್ನು ಚೀಟಿ ಎತ್ತಿ ಆರಿಸಲಾಗುತ್ತದೆ. ಅವನ ತೋಳಿಗೊಂದು ಪಟ್ಟಿ, ಚಪ್ಪಲಿಯೊಳಗೆ ಒಂದು ಜೊತೆ ತೆಳುವಾದ ಹಾಳೆ. ಅಭ್ಯರ್ಥಿಗೆ ಒಳಅಂಗಿಯಂಥ ಒಂದು ಅಂಗಿ, ಕಾಲಿಗೆ ಚೀಲ. ನೋವನ್ನು ನೇರವಾಗಿ ಅಳೆಯುವ ಯಂತ್ರವನ್ನು ಯಾರೂ ಕಂಡುಹಿಡಿದಿರಲಿಲ್ಲ. ನಾಡಿ, ಉಸಿರು, ಬೆವರು, ಸ್ನಾಯುವಿನ ಬಿಗಿತ, ತೋಳಿನ ನರದಲ್ಲಿ ಹರಿಯುವ ಸಂಕೇತ, ಈ ಐದನ್ನು ಪಟ್ಟಿ ಓದಿ ಕಳಿಸುತ್ತಿತ್ತು. ಅಂಗಿಯಲ್ಲಿ ಹೊಲಿದ ನಾನೂರು ಬಿಲ್ಲೆಗಳು ಸಣ್ಣ ವಿದ್ಯುತ್ತಿನಿಂದ ಅದನ್ನು ಅಭ್ಯರ್ಥಿಯ ಮೈಯಲ್ಲಿ ಮತ್ತೆ ಮೂಡಿಸುತ್ತಿದ್ದವು. ಎದೆಯ ಮೇಲಿನ ಒಂದು ಬಿಲ್ಲೆಯ ಕೆಲಸ ಮಾತ್ರ ಬೇರೆ. ಆ ಮತದಾರನ ಗುಂಡಿಗೆ ಬಡಿದಂತೆ ಅದು ಬಡಿಯುತ್ತಿತ್ತು. ಸದ್ದು ಬರುವುದಿಲ್ಲ, ಚಿತ್ರ ಬರುವುದಿಲ್ಲ, ಹೆಸರು ಗೊತ್ತಾಗುವುದಿಲ್ಲ.

ಹೆಸರು ಗೊತ್ತಾಗಬಾರದು ಎಂಬುದಕ್ಕೆ ಕಾರಣವಿತ್ತು. ಮೊದಲ ವರ್ಷ ಕೆಲವು ಅಭ್ಯರ್ಥಿಗಳು ತಮ್ಮ ಹೊರೆಯ ಮನುಷ್ಯನನ್ನು ಪತ್ತೆ ಮಾಡಿ, ಕೆಲಸ ಬಿಡಿಸಿ, ಕೂಲರಿನ ಮುಂದೆ ಮಲಗಿಸಿ ತುಪ್ಪದನ್ನ ಉಣಿಸಿದರು. ಇಪ್ಪತ್ತೊಂದು ದಿನ ಹಗುರಾಗಿ ಓಡಾಡಿ ಗೆದ್ದರು. ಆಮೇಲೆ ತಿದ್ದುಪಡಿ ಬಂತು. ಹೊರೆಯ ವ್ಯಕ್ತಿಯನ್ನು ಹುಡುಕಿ ಹೋದರೆ, ಮಾತಾಡಿಸಿದರೆ, ಬೇರೆಯವರ ಮೂಲಕ ಒಂದು ಮಾತು ಮುಟ್ಟಿಸಿದರೂ ಉಮೇದುವಾರಿಕೆ ರದ್ದು. ಮುಂದೆ ಆರು ವರ್ಷ ಯಾವ ಚುನಾವಣೆಗೂ ನಿಲ್ಲುವಂತಿಲ್ಲ.

ಕಸ್ತೂರಿಗೆ ಮೂವತ್ತಾರು ವರ್ಷ. ಕಂಡಕಿ ಸುತ್ತುವ ಹೆಂಗಸರನ್ನು ಎಂಟು ವರ್ಷದಿಂದ ಒಟ್ಟುಗೂಡಿಸುತ್ತ ಬಂದಿದ್ದಳು. ಅವಳು ಜನರ ಮುಂದೆ ಇಟ್ಟಿದ್ದು ಒಂದೇ ಬೇಡಿಕೆ: ಒಂಬತ್ತನೇ ವಾರ್ಡಿಗೆ ಒಂದು ದವಾಖಾನೆ. ನೇಕಾರರ ಕಿವಿ ಹೋಗುತ್ತದೆ, ಎದೆಯಲ್ಲಿ ನೂಲಿನ ಧೂಳು ಕೂರುತ್ತದೆ. ತಪಾಸಣೆಗೆ ಊರಾಚೆಯ ಸರಕಾರಿ ಆಸ್ಪತ್ರೆಗೆ ಹೋದರೆ ಒಂದು ದಿನದ ನೇಯ್ಗೆ ಹೋಗುತ್ತದೆ. ಆದ್ದರಿಂದ ಯಾರೂ ಹೋಗುವುದಿಲ್ಲ. ಪಟ್ಟಣ ಪಂಚಾಯತಿಗೆ ಮೊದಲ ಬಾರಿ ನಿಂತ ಅವಳು ಗೆಲ್ಲುವುದು ಖಚಿತ ಎಂದು ಎದುರಾಳಿಯ ಕಡೆಯವರೇ ಚಹಾದಂಗಡಿಯಲ್ಲಿ ಹೇಳುತ್ತಿದ್ದರು.

*

ಹಳೆಯ ನೂಲಿನ ಡಿಪೋದ ಮಹಡಿಯ ಮೇಲೆ ಅರ್ಹತಾ ಮಂಡಳಿಯ ನಿಯಂತ್ರಣ ಕೊಠಡಿ ಇತ್ತು. ಊರಿನ ಹನ್ನೊಂದು ಮಂದಿ ಹೊಸ ಅಭ್ಯರ್ಥಿಗಳಿಗೆ ಹನ್ನೊಂದು ಪರದೆ, ಎಲ್ಲವನ್ನೂ ನೋಡಿಕೊಳ್ಳಲು ಒಬ್ಬಳೇ ತಂತ್ರಜ್ಞೆ. ಜೋಸ್ಲಿನ್ ಪಿಂಟೊ, ಮಂಗಳೂರಿನವಳು, ಇಪ್ಪತ್ತೆಂಟು ವರ್ಷ. ನಾಗರಮಡ್ಡಿಗೆ ಬಂದು ಮೂರು ವಾರವಾಗಿತ್ತು. ಇಲ್ಲಿನ ಬಿಸಿಲಿಗೂ ಮಗ್ಗದ ಸದ್ದಿಗೂ ಇನ್ನೂ ಹೊಂದಿಕೊಂಡಿರಲಿಲ್ಲ.

ನಾಲ್ಕು ಗಂಟೆಗೆ ಕಸ್ತೂರಿ ಮೆಟ್ಟಿಲು ಹತ್ತಿ ಬಂದಾಗ ಜೋಸ್ಲಿನ್ ಎದ್ದು ನಿಂತಳು.

"ನಾನೂ ನೋಡಿದೆ ಮೇಡಮ್. ಎರಡು ಹತ್ತರಿಂದ ಎರಡು ಹದಿನೇಳು."

"ಮತ್ತ ಏನ ಮಾಡೀರಿ?"

"ಬರ್ದಿಟ್ಟಿದ್ದೇನೆ."

"ಬರದಿಟ್ಟರ ನೋವ ಹೋಗತೈತೇನ್ರಿ? ಆ ಮನಶ್ಯಾಗ ಯಾರರೆ ಹೇಳಬೇಕಲ್ಲ, ದವಾಖಾನಿಗೆ ಹೋಗು ಅಂತ."

"ನನಗೂ ಹೆಸರು ಗೊತ್ತಿಲ್ಲ. ಬರೇ ಸಂಖ್ಯೆ ಕಾಣ್ತದೆ." ಜೋಸ್ಲಿನ್ ದನಿ ತಗ್ಗಿಸಿದಳು. "ಇದು ಡಾಕ್ಟರರ ಮಿಷನ್ ಅಲ್ಲ ಮಾರಾಯ್ರೇ. ಸಹಿ ಹಾಕಿಸಿಕೊಳ್ಳುವಾಗಲೇ ಅದನ್ನು ಬರೆದಿದ್ದಾರೆ. ಒಬ್ಬನನ್ನು ಚೀಟಿಯಲ್ಲಿ ಆರಿಸಿದೆವು ಅಂತ ಅವನಿಗೆ ಮಾತ್ರ ಚಿಕಿತ್ಸೆ ಕೊಟ್ರೆ, ಚೀಟಿ ಬಾರದ ಉಳಿದವರಿಗೆ ಅನ್ಯಾಯ ಆಗ್ತದಂತೆ."

"ಹಂಗಂದ್ರ ಎಲ್ಲಾರೂ ಸಾಯಬೇಕೇನ್ರಿ, ಸರಿಸಮ ಆಗಾಕ?"

ಜೋಸ್ಲಿನ್‌ಗೆ ಒಂದು ಅರ್ಜಿ ನಮೂನೆ ನೆನಪಾಯಿತು. ಅದನ್ನು ರಾಜಧಾನಿಗೆ ಕಳಿಸಬಹುದು, ಏಳು ಕೆಲಸದ ದಿನದಲ್ಲಿ ಉತ್ತರ ಬರುತ್ತದೆ ಎಂದಳು. ಕಸ್ತೂರಿಯ ಎದುರಿಗೇ ಅದನ್ನು ತುಂಬಿ ಕಳಿಸಿದಳು. ಆಮೇಲೆ ಅನುಮಾನಿಸುತ್ತ ಕೇಳಿದಳು: "ನಿಮಗೆ ಅವರು ಯಾರೂಂತ ಗೊತ್ತಾಗಿಲ್ಲ ಅಲ್ವಾ?"

"ಇಲ್ಲ" ಎಂದಳು ಕಸ್ತೂರಿ.

ಅದು ಸುಳ್ಳು. ಅವಳಿಗೆ ಎರಡನೆಯ ದಿನವೇ ಗೊತ್ತಾಗಿತ್ತು.

ಅವಳ ತಂದೆ ರಾಚಪ್ಪ ಮಗ್ಗ ರಿಪೇರಿಯ ಮಿಸ್ತ್ರಿಯಾಗಿದ್ದವನು. ನಲವತ್ತು ವರ್ಷಕ್ಕೆ ಅವನ ಎರಡೂ ಕಿವಿ ಹೋದವು. ಆಮೇಲೆ ಅವನು ಯಾವ ಮನೆಗೆ ಹೋದರೂ ಮೊದಲು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಿದ್ದ. ಮಗ್ಗದ ಬೇನೆ ಅವನಿಗೆ ಅಂಗಾಲಿನಿಂದ ತಿಳಿಯುತ್ತಿತ್ತು. ಜೊತೆಗೆ ಹೋಗುತ್ತಿದ್ದ ಮಗಳಿಗೂ ಅದನ್ನೇ ಕಲಿಸಿದ. ಊರಲ್ಲಿ ಎರಡು ಸಾವಿರ ಮಗ್ಗಗಳಿದ್ದರೂ ಒಂದರ ನಡಿಗೆ ಇನ್ನೊಂದಕ್ಕಿಲ್ಲ. ಹೊರೆಯ ಎರಡನೆಯ ಬೆಳಿಗ್ಗೆ ಕಾಲಿನ ಚೀಲದಿಂದ ಅವಳ ಅಂಗಾಲಿಗೆ ಬಂದ ಬಡಿತ, ಹದಿನಾಲ್ಕು ಹೊಡೆತಕ್ಕೊಮ್ಮೆ ಒಂದು ಹೊಡೆತ ತಡವಾಗಿ ಬೀಳುವ ಬಡಿತ, ಹಲ್ಲು ಸವೆದ ಗಾಲಿಯದು. ಆ ಗಾಲಿಯನ್ನು ಬದಲಿಸು ಎಂದು ರಾಚಪ್ಪ ಸಾಯುವವರೆಗೆ ಹೇಳುತ್ತಲೇ ಇದ್ದ. ಮಗ್ಗದ ಯಜಮಾನ ಶಿವಪುತ್ರ ಕುಳ್ಳೊಳ್ಳಿ, ಅದು ಅಭ್ಯಾಸವಾಗಿದೆ ಬಿಡು ಎಂದು ನಗುತ್ತಲೇ ಇದ್ದ.

ಹೀಗೆ ಅವಳು ಹೊತ್ತದ್ದು ಮೂರು ಓಣಿಯಾಚೆಯ, ತಾನು ಚಿಕ್ಕಂದಿನಿಂದ ಕಾಕಾ ಎಂದು ಕರೆಯುತ್ತಿದ್ದ ಐವತ್ತೇಳು ವರ್ಷದ ಮನುಷ್ಯನನ್ನು. ಗೊತ್ತಾಗುವುದು ಅಪರಾಧವಲ್ಲ, ಹೋಗುವುದು ಮಾತ್ರ ಅಪರಾಧ ಎಂದು ಅವಳು ಸುಮ್ಮನಿದ್ದಳು.

*

ಅಂದು ಸಂಜೆ ಗಂಡ ಪ್ರಭು ಹಿಟ್ಟಿನ ಗಿರಣಿ ಮುಚ್ಚಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅವಳು ಎಲ್ಲ ಹೇಳಿದಳು. ಅವನು ಟವೆಲ್ಲಿನಿಂದ ಕಿವಿಯ ಹಿಂದಿನ ಹಿಟ್ಟು ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ವಾಯು ಇರಬೇಕ. ಶಿವಪುತ್ರಕಾಕಾ ಖಾರ ಭಾಳ ತಿಂತಾನ."

"ದವಡಿತನಾ ಬರೂ ವಾಯು ಎಲ್ಲಿದ?"

"ಮತ್ತೇನ ಮಾಡತಿ? ಹೋಗಿ ಹೇಳಿದರ ಮುಗೀತ, ಎಂಟ ವರ್ಷ ನೀರಾಗ."

"ಯಾರನರೆ ಕಳಸಿದರ?"

"ಯಾರನ? ಈ ಊರಾಗ ಒಬ್ಬರ ಕಿವ್ಯಾಗ ಹೇಳಿದ್ದ ಇನ್ನೊಬ್ಬರ ಬಾಯಾಗ ಇರತೈತಿ. ನಾಳೆ ಮಂಡಳಿಯವರು ಬಂದ ಕೇಳಿದರ ಅವರು ನಿನ್ನ ಹೆಸರ ಹೇಳೂದಿಲ್ಲ ಅನ್ನೂದು ಏನ ಗ್ಯಾರಂಟಿ?"

ಓಣಿಯಲ್ಲೊಂದು ಆರೋಗ್ಯ ತಪಾಸಣೆ ಇಡಿಸಿದರೆ? ಅದನ್ನೂ ಅವಳು ಯೋಚಿಸಿದ್ದಳು. ಚುನಾವಣೆ ಘೋಷಣೆಯಾದ ಮೇಲೆ ಅಭ್ಯರ್ಥಿ ತಪಾಸಣಾ ಶಿಬಿರ ನಡೆಸಿದರೆ ಅದು ಆಮಿಷ. ಪ್ರಭು ತಟ್ಟೆಗೆ ರೊಟ್ಟಿ ಹಾಕಿಕೊಂಡು, ತಿನ್ನದೆ, ಅವಳನ್ನೇ ನೋಡಿದ.

"ಕಸ್ತೂರಿ, ನಾ ಕಟುಕ ಅಲ್ಲ. ಆದರ ನೀ ಗೆದ್ದರ ದವಾಖಾನಿ ಆಗತೈತಿ. ಐನೂರ ಮನಿ ಅದಾವ. ಒಬ್ಬವನ ಸಲುವಾಗಿ ಐನೂರ ಮಂದೀನ ಬಿಡತಿಯೇನ? ಇನ್ನ ಹದಿನೈದ ದಿನ. ಮುಗದ ಮರುದಿನ ನಾನ ಅವನ್ನ ಗಾಡಿ ಮ್ಯಾಲೆ ಕುಂದರಿಸಿಕೊಂಡ ಹೋಗತೀನಿ."

ಲೆಕ್ಕ ಸರಿಯಾಗಿತ್ತು. ಅವಳಿಗೆ ಬೇಕಾಗಿದ್ದ ಲೆಕ್ಕವೂ ಅದೇ ಆಗಿತ್ತು. ಅವಳು ಒಂದೂವರೆ ರೊಟ್ಟಿ ತಿಂದಳು. ಆದರೆ ಹೊಟ್ಟೆ ತುಂಬಲಿಲ್ಲ. ಮೂರು ಓಣಿಯಾಚೆ ಶಿವಪುತ್ರ ಇನ್ನೂ ಉಂಡಿರಲಿಲ್ಲ.

ಒಂಬತ್ತನೆಯ ದಿನ ಎದೆ ಮತ್ತೆ ಒತ್ತಿತು. ಹನ್ನೊಂದನೆಯ ದಿನ ಮತ್ತೆ. ಹದಿನಾಲ್ಕನೆಯ ದಿನ ಹನ್ನೆರಡು ನಿಮಿಷ. ಪ್ರತಿ ಸಲವೂ ಅಂಗಾಲಿನ ಬಡಿತ ನಿಲ್ಲುತ್ತಿರಲಿಲ್ಲ. ಮನುಷ್ಯ ನೋವಿನಲ್ಲೇ ನಿಂತು ನೇಯುತ್ತಿದ್ದ. ಕಸ್ತೂರಿ ಆ ನಿಮಿಷಗಳಲ್ಲಿ ಯಾರದಾದರೂ ಕಟ್ಟೆಯ ಮೇಲೆ ಕೂರುತ್ತಿದ್ದಳು, ಮುಖದ ಮೇಲೆ ನಗು ಇಟ್ಟುಕೊಂಡು, ಕೈಮುಗಿದು.

*

ಹದಿನೈದನೆಯ ದಿನ ಅಮಾವಾಸ್ಯೆ.

ನೇಕಾರರ ಊರಲ್ಲಿ ಅಮಾವಾಸ್ಯೆಯೆಂದರೆ ಮಗ್ಗಕ್ಕೆ ರಜೆ. ಬೆಳಿಗ್ಗೆ ಮಗ್ಗ ಒರೆಸಿ, ಎಣ್ಣೆ ಬಿಟ್ಟು, ಗಂಧ ಹಚ್ಚಿ ಪೂಜೆ ಮಾಡುತ್ತಾರೆ, ಮನೆಯಲ್ಲಿ ಹೋಳಿಗೆ. ತಿಂಗಳಿಗೊಮ್ಮೆ ಊರು ನಿಶ್ಶಬ್ದವಾಗುವ ದಿನ ಅದು. ಕಸ್ತೂರಿ ಕೂಡ ಅಂದು ಸ್ನಾನ ಮಾಡಿ ತನ್ನ ಅಂಗಿಗೆ ಒಂದು ಬೊಟ್ಟು ಕುಂಕುಮ ಹಚ್ಚಿಯೇ ತೊಟ್ಟಿದ್ದಳು. ಅಂಗಾಲಿನಲ್ಲಿ ಬಡಿತವಿಲ್ಲದ್ದು ಅವಳಿಗೆ ಆಶ್ಚರ್ಯವೆನಿಸಲಿಲ್ಲ.

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಒಂದು ಮನೆಯ ಬಾಗಿಲಲ್ಲಿ ಕರಪತ್ರ ಕೊಡುತ್ತಿದ್ದಾಗ, ಎದೆಯ ಮೇಲಿನ ಬಿಲ್ಲೆ ಬಡಿಯುವುದನ್ನು ನಿಲ್ಲಿಸಿತು.

ಅವಳು ಕಾದಳು. ಪಟ್ಟಿ ಕಳಚಿಟ್ಟಾಗ ಅಂಗಿಯೂ ಪೂರ್ತಿ ಆರುತ್ತದೆ, ಮೈ ಹಗುರಾಗುತ್ತದೆ. ಹೊರೆಯ ಮನುಷ್ಯ ಸ್ನಾನಕ್ಕೆ ಹೋದಾಗಲೆಲ್ಲ ಹಾಗಾಗುತ್ತಿತ್ತು. ಈಗ ಅಂಗಿ ಆರಲಿಲ್ಲ. ತೋಳಿನ ಬಿಲ್ಲೆಗಳು ಬೆಚ್ಚಗೇ ಇದ್ದವು. ಆ ಬೆಚ್ಚಗಿನ ಮೈಯಲ್ಲಿ ನಾಡಿ ಇರಲಿಲ್ಲ, ಉಸಿರು ಇರಲಿಲ್ಲ, ಒಂದು ಸ್ನಾಯು ಕೂಡ ಬಿಗಿಯಾಗಿರಲಿಲ್ಲ. ಹದಿನೈದು ದಿನದಲ್ಲಿ ಮೊದಲ ಬಾರಿ ಶಿವಪುತ್ರನ ಎಡಭುಜ ನೋಯುತ್ತಿರಲಿಲ್ಲ.

ಕರಪತ್ರಗಳು ಅಲ್ಲೇ ಬಿದ್ದವು. ಅವಳು ಓಡಿದಳು. ಹಿಂದೆ ಬರುತ್ತಿದ್ದ ಹೆಂಗಸರು ಏನಾಯಿತೆಂದು ತಿಳಿಯದೆ ಅವರೂ ಓಡಿದರು. ಮೂರು ಓಣಿ ದಾಟುವಷ್ಟರಲ್ಲಿ ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಕುಳ್ಳೊಳ್ಳಿಯವರ ಬಾಗಿಲು ತಳ್ಳಿ, "ಕಾಕಾ! ಕಾಕಾ ಹೋದನಲ್ಲೋ!" ಎಂದು ಕೂಗುತ್ತ ಒಳಗೆ ಬಿದ್ದಳು.

ಶಿವಪುತ್ರ ಕುಳ್ಳೊಳ್ಳಿ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

ಅವನ ತೋಳಿನ ಪಟ್ಟಿ ಮಗ್ಗದ ಮೇಲಿತ್ತು. ಪೂಜೆ ಮುಗಿಸಿ ಏಳುವಾಗ ಅವನಿಗೆ, ಹದಿನೈದು ದಿನದಿಂದ ಇದೂ ತನ್ನ ಜೊತೆ ದುಡಿಯುತ್ತಿದೆಯಲ್ಲ, ಇದೂ ಒಂದು ಉಪಕರಣವೇ ಅಲ್ಲವೇ ಎನ್ನಿಸಿತ್ತು. ಬಿಚ್ಚಿ, ಮಗ್ಗದ ಕಬ್ಬಿಣದ ಪಟ್ಟಿಗೆ ಕಟ್ಟಿ, ಹಸಿಗಂಧ ಬಳಿದು, ಹೂವಿಟ್ಟು, ಪಕ್ಕದಲ್ಲೇ ಎರಡು ದೀಪ ಹಚ್ಚಿದ್ದ. ದೀಪದ ಕಾವು, ಗಂಧದ ತೇವ. ಯಂತ್ರ ಅದನ್ನು ಮನುಷ್ಯನ ಚರ್ಮವೆಂದೇ ತಿಳಿದಿತ್ತು.

"ಏನವಾ ತಂಗಿ, ಓಟ ಕೇಳಾಕ ಹಿಂಗ ಬರಿಗಾಲಲೆ ಓಡಿ ಬಂದಿ?" ಎಂದ ಶಿವಪುತ್ರ. ಆಮೇಲೆ ಬಾಗಿಲಲ್ಲಿ ಕಿಕ್ಕಿರಿದ ಜನರನ್ನು ನೋಡಿದ, ಅವಳ ಕೊರಳಲ್ಲಿ ಇಣುಕುತ್ತಿದ್ದ ಅಂಗಿಯ ಅಂಚನ್ನು ನೋಡಿದ. ಅವನಿಗೆ ಅರ್ಥವಾಯಿತು. "ಅಲಾ ಇವಳ! ನನ್ನ ಹೊತ್ತಾಕಿ ನೀನ ಏನ? ಏ ಕಾಶವ್ವಾ, ನಾ ಸತ್ತೀನಂತ, ಸತ್ತವಗ ಇನ್ನೆರಡ ಹೋಳಿಗಿ ಹಾಕ!"

ಜನ ನಕ್ಕರು. ಬಾಗಿಲಿನಿಂದ ಬೀದಿಗೆ, ಬೀದಿಯಿಂದ ಚಹಾದಂಗಡಿಗೆ ನಗು ಹೋಯಿತು.

"ಕಾಕಾ, ನಗಬ್ಯಾಡ. ನಿನ್ನ ಎದಿ ನೋಯತೈತಿ. ನಿನ್ನೆ ಹನ್ನೆರಡ ಮಿನಿಟ. ನನಗ ಗೊತ್ತೈತಿ, ನನಗ ನೊಂದೈತಿ."

"ವಾಯು ಅದು."

"ಕಾಕಾ, ವಾಯು ಅಲ್ಲ ಅದು, ದೇವರಾಣಿ."

"ಹೂಂ, ನೀ ಭಾಳ ಶ್ಯಾಣೇಕಿ. ಈಗರೆ ನಾ ಸತ್ತೀನಿ ಅಂತ ಹೊಯ್ಕೊಂಡ ಬಂದಿ" ಎಂದು ಅವನು ಹೋಳಿಗೆ ಮುರಿದ. ಮತ್ತೆ ನಗು. ಅವನ ಹೆಂಡತಿ ಕಾಶವ್ವ ಒಬ್ಬಳೇ ನಗಲಿಲ್ಲ. ತುಪ್ಪದ ಗಿಂಡಿ ಹಿಡಿದು ಕಸ್ತೂರಿಯ ಮುಖವನ್ನೇ ನೋಡುತ್ತಿದ್ದಳು.

*

ಮರುದಿನ ಅಂಗಿ ವಾಪಸು ಪಡೆಯಲು ಜೋಸ್ಲಿನ್ ಮನೆಗೆ ಬಂದಳು. ಅಭ್ಯರ್ಥಿ ಎಲ್ಲಿದ್ದಾಳೆಂದು ಅಂಗಿಯೇ ತೋರಿಸುತ್ತಿದ್ದುದರಿಂದ ಯಾರೂ ದೂರು ಕೊಡಬೇಕಾಗಿರಲಿಲ್ಲ. ರದ್ದತಿಯ ಆದೇಶವನ್ನು ಓದಿ ಹೇಳಿದಳು.

"ನಾನು ಕೂಡ ಸತ್ತೇ ಹೋದ್ರು ಅಂದ್ಕೊಂಡೆ ಮೇಡಮ್. ಮಗ್ಗಕ್ಕೆ ಕಟ್ತಾರೆ ಅಂತ ಯಾರಿಗೆ ಗೊತ್ತು?"

"ನನಗ ಗೊತ್ತಿರಬೇಕಿತ್ತು" ಎಂದಳು ಕಸ್ತೂರಿ. "ಇರಲಿ. ನನಗ ಆ ಹದಿನೈದ ದಿನದ ದಾಖಲಾತಿ ಕೊಡ್ರಿ. ಡಾಕ್ಟರಗ ತೋರಸ್ತೀನಿ."

ಜೋಸ್ಲಿನ್ ತಲೆ ತಗ್ಗಿಸಿದಳು. ಉಮೇದುವಾರಿಕೆ ರದ್ದಾದ ಕೂಡಲೇ ಹೊರೆಯ ವ್ಯಕ್ತಿಯ ದಾಖಲೆಯನ್ನೆಲ್ಲ ಅಳಿಸಬೇಕು, ಅವನ ಗೋಪ್ಯತೆಗಾಗಿ. ನಿನ್ನೆ ಸಂಜೆ ಐದೂವರೆಗೆ ರಾಜಧಾನಿಯಲ್ಲಿ ಅಳಿಸಿಯಾಗಿತ್ತು. ಆರನೆಯ ದಿನ ಕಳಿಸಿದ ನಮೂನೆಗೆ ಉತ್ತರವೂ ಬಂದಿತ್ತು: ಉಪಕರಣವು ವೈದ್ಯಕೀಯ ಪ್ರಮಾಣಪತ್ರ ಹೊಂದಿರುವುದಿಲ್ಲವಾದ್ದರಿಂದ ಕ್ರಮದ ಅಗತ್ಯವಿರುವುದಿಲ್ಲ.

ಅಂಗಿ ಬಿಚ್ಚಿಕೊಟ್ಟ ಮೇಲೆ ಕಸ್ತೂರಿಯ ಮೈ ಎಷ್ಟು ಹಗುರಾಯಿತೆಂದರೆ ಅವಳಿಗೆ ನಿಲ್ಲಲಾಗಲಿಲ್ಲ, ಗೋಡೆ ಹಿಡಿದು ಕೂತಳು.

ಹದಿನೇಳನೆಯ ದಿನ ಕಾಶವ್ವ ಗಂಡನ ಜೊತೆ ಜಗಳಾಡಿ ಅವನನ್ನು ಪ್ರಭುವಿನ ಗಾಡಿಯ ಮೇಲೆ ಆಸ್ಪತ್ರೆಗೆ ಕಳಿಸಿದಳು. ಕಸ್ತೂರಿ ಹಿಂದಿನಿಂದ ಬಸ್ಸಿನಲ್ಲಿ ಹೋದಳು. ಡಾಕ್ಟರು ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆದರು. ಮಲಗಿರುವಾಗ ಗುಂಡಿಗೆ ಸರಿಯಾಗಿಯೇ ಇತ್ತು.

"ನೋವ ಯಾವಾಗ ಬರತೈತಿ? ಕೆಲಸ ಮಾಡೂವಾಗೇನು?" ಎಂದು ಡಾಕ್ಟರು ಕೇಳಿದರು.

"ನೋವ ಎಲ್ಲೀದ್ರಿ ಸಾಹೇಬ್ರ. ಜರಾ ವಾಯು, ಅಷ್ಟ" ಎಂದ ಶಿವಪುತ್ರ.

ಕಸ್ತೂರಿ ಮುಂದೆ ಬಂದಳು. ದಿನ, ಗಂಟೆ, ನಿಮಿಷ, ಎಲ್ಲಿಂದ ಎಲ್ಲಿಗೆ ನೋವು ಹೋಯಿತು, ಎಲ್ಲ ಹೇಳಿದಳು. ಡಾಕ್ಟರು ಪೂರ್ತಿ ಕೇಳಿದರು.

"ತಂಗಿ, ನೀ ಹೇಳೂದೆಲ್ಲ ಪುಸ್ತಕದಾಗ ಇದ್ದಂಗ ಐತಿ. ಆದರ ನಿನ್ನ ನೋವನ್ನ ಇವರ ಚೀಟಿ ಮ್ಯಾಲೆ ನಾ ಹೆಂಗ ಬರೀಲಿ? ಜಿಲ್ಲಾ ಆಸ್ಪತ್ರೆಗೆ ಬರದ ಕೊಡತೀನಿ. ಓಡೂ ಮಿಷನ್ ಮ್ಯಾಲೆ ತಪಾಸ ಮಾಡತಾರ. ತಡಾ ಮಾಡಬ್ಯಾಡ್ರಿ. ಅಲ್ಲೀತನಾ ಈ ಗುಳಗಿ ನಾಲಗಿ ಕೆಳಗ."

ಹೊರಗೆ ಬಂದು ಶಿವಪುತ್ರ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗಿಟ್ಟ. "ಹಚ್ಚಿದ ಉಂಕಿ ಇನ್ನ ಅರ್ಧ ಐತಿ. ಮಗ್ಗದ ಮ್ಯಾಲಿನ ನೂಲ ಅರ್ಧಕ್ಕ ಬಿಟ್ಟ ಊರ ದಾಟಿದರ ಎಳಿ ಸಡ್ಲ ಬೀಳತಾವ. ಹತ್ತ ದಿನ. ಮುಗಿಸಿ ಹೋಗೂಣು."

"ಕಾಕಾ, ಎಳಿ ಹೋದರ ಹೋಗಲಿ."

"ಹಂಗ ಅನಬ್ಯಾಡ. ನಿಮ್ಮಪ್ಪ ಮಗ್ಗ ರಿಪೇರಿ ಮಾಡಿದಾಂವ" ಎಂದ ಅವನು, ಮೊದಲ ಬಾರಿ ನಗದೆ. ಆಮೇಲೆ ಕೇಳಿದ: "ನಿನಗ ಭಾಳ ತ್ರಾಸ ಆತೇನವಾ? ನನ್ನ ಕಾಲ ಮದಲ ಬರೋಬರಿ ಇಲ್ಲ."

ಮರುದಿನದಿಂದ ಚಹಾದಂಗಡಿಯಲ್ಲಿ ಅವನಿಗೆ 'ಸತ್ತ ಶಿವಪುತ್ರ' ಎಂದೇ ಹೆಸರಾಯಿತು. ಅವನೂ ಅದನ್ನು ಸಂತೋಷದಿಂದ ಒಪ್ಪಿಕೊಂಡ. ಯಾರಾದರೂ ಆರೋಗ್ಯ ವಿಚಾರಿಸಿದರೆ, ಸತ್ತವರಿಗೆ ರೋಗ ಎಲ್ಲಿಂದ ಬರಬೇಕು ಎನ್ನುತ್ತಿದ್ದ. ಕಸ್ತೂರಿ ದಿನಕ್ಕೆ ಎರಡು ಸಲ ಹೋಗಿ ಮಾತ್ರೆ ಜೇಬಿನಲ್ಲಿದೆಯೇ ಎಂದು ನೋಡಿ ಬರುತ್ತಿದ್ದಳು. ಅವಳನ್ನು ನೋಡಿದ ಕೂಡಲೇ ಅವನು ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಇದೆ ಎಂದು ಸನ್ನೆ ಮಾಡುತ್ತಿದ್ದ.

ಅಮಾವಾಸ್ಯೆಯಾಗಿ ಹನ್ನೊಂದನೆಯ ದಿನ, ಮಧ್ಯಾಹ್ನ ಒಂದು ಮುಕ್ಕಾಲಿಗೆ, ಕಾಶವ್ವ ಪಕ್ಕದ ಕೋಣೆಯಲ್ಲಿ ಕಂಡಕಿ ಸುತ್ತುತ್ತಿದ್ದಾಗ ಮಗ್ಗದ ಸದ್ದು ಬದಲಾಯಿತು. ಲಾಳಿಯಲ್ಲಿ ನೂಲು ಮುಗಿದರೂ ಯಾರೂ ನಿಲ್ಲಿಸಲಿಲ್ಲ. ಮಗ್ಗ ಬರಿದೇ ಬಡಿಯುತ್ತಿತ್ತು. ಅವಳು ಬಂದು ನೋಡುವಷ್ಟರಲ್ಲಿ ಶಿವಪುತ್ರ ನೇಯ್ದ ಬಟ್ಟೆಯ ಮೇಲೆ ಕವಿದು ಬಿದ್ದಿದ್ದ. ಉಂಕಿ ಇನ್ನೂ ಎರಡು ಸೀರೆಯಷ್ಟು ಉಳಿದಿತ್ತು.

*

ಮತದಾನದ ದಿನ ಕಸ್ತೂರಿ ಬೆಳಿಗ್ಗೆಯೇ ಹೋಗಿ ಮತ ಹಾಕಿ ಬಂದು ಮನೆಯಲ್ಲಿ ಕೂತಿದ್ದಳು. ಅವಳ ಹೆಸರಿಲ್ಲದ ಪಟ್ಟಿಯಲ್ಲಿ ಮೂರು ಹೆಸರಿದ್ದವು; ಯಾರ ಕರಪತ್ರದಲ್ಲೂ ದವಾಖಾನೆಯ ಮಾತಿರಲಿಲ್ಲ. ಪ್ರಭು ಗಿರಣಿಗೆ ಹೋಗಿದ್ದ. ಅಮಾವಾಸ್ಯೆಯ ಆ ದಿನದಿಂದ ಗಂಡಹೆಂಡಿರಿಬ್ಬರೂ ಐನೂರು ಎಂಬ ಸಂಖ್ಯೆಯನ್ನು ಮನೆಯಲ್ಲಿ ಉಚ್ಚರಿಸಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಕಾಶವ್ವ ನಿಂತಿದ್ದಳು. ಕುಂಕುಮವಿಲ್ಲದ ಹಣೆ. ಬೆರಳಿನಲ್ಲಿ ಆಗ ತಾನೇ ಹಚ್ಚಿದ ಶಾಯಿ.

"ಬಾ ಚಿಗವ್ವಾ."

ಕಾಶವ್ವ ಬಂದು ಗೋಡೆಗೆ ಒರಗಿ ಕೂತಳು. ಚಹಾ ಬೇಡ ಎಂದಳು.

"ಮೂವತ್ತೊಂದ ವರ್ಷ ಸಂಸಾರ ಮಾಡೀನಿ. ಒಂದ ದಿನ ನೋವು ಅಂತ ಹೇಳಲಿಲ್ಲ ಆ ಮನಶ್ಯಾ. ಏನ ಕೇಳಿದರೂ ಚ್ಯಾಷ್ಟಿ. ನೀ ಹದಿನೈದ ದಿನ ಹೊತ್ತಿ. ಅವರೊಳಗ ಏನಿತ್ತ ಅಂತ ನನಗ ಗೊತ್ತಿಲ್ಲ, ನಿನಗ ಗೊತ್ತೈತಿ. ಹೇಳು. ಮದಲಿಂದ ಹೇಳು."

ರಾಜಧಾನಿಯಲ್ಲಿ ಅಳಿಸಿಹಾಕಿದ್ದ ದಾಖಲೆಯ ಇನ್ನೊಂದು ಪ್ರತಿ ಇದ್ದದ್ದು ಕಸ್ತೂರಿಯ ಮೈಯಲ್ಲಿ ಮಾತ್ರ. ಅವಳು ಮೊದಲ ದಿನದಿಂದ ಶುರುಮಾಡಿದಳು. ಬೆಳಿಗ್ಗೆ ಐದೂವರೆಗೆ ಏಳುವಾಗ ಬಲಮೊಳಕಾಲು ಮಡಚಲು ಬರುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಸಡಿಲವಾಗುತ್ತಿತ್ತು. ಹತ್ತು ಗಂಟೆಗೆ ಎಡಭುಜ. ಎರಡು ಗಂಟೆಗೆ ಹಸಿವು, ಮೂರೂವರೆಗೆ ಆ ಹಸಿವು ಸತ್ತು ಬರಿಯ ಉರಿ.

"ಉಣ್ಣ ಬರ್ರಿ ಅಂದರ, ಹಸದಿಲ್ಲ ಅನ್ನಾವರು" ಎಂದಳು ಕಾಶವ್ವ.

"ಹಸಿದಿರತಿದ್ದ. ಮತ್ತ ಸಂಜಿಮುಂದ, ಆರೂವರಿ ಸುಮಾರಕ್ಕ, ದಿನಾ ಒಂದೀಟ ಹೊತ್ತ ಎಲ್ಲಾ ಸಡ್ಲ ಆಗತಿತ್ತು. ಗುಂಡಿಗಿ ಸಾವಕಾಶ ಆಗತಿತ್ತು. ಅದ ಏನ ಅಂತ ನನಗ ತಿಳೀಲಿಲ್ಲ."

ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಮಗ್ಗ ನಿಲ್ಲಿಸಿ ಕಟ್ಟಿ ಮ್ಯಾಲೆ ಬಂದ ಕುಂದರತಿದ್ದರು. ನಾನೂ ಕುಂದರತಿದ್ನಿ. ಏನೂ ಮಾತಾಡತಿರಲಿಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗುಂಡಿಗೆ ಒಮ್ಮೆಲೇ ಜೋರಾಗಿ, ಆದರೆ ಭಯವಿಲ್ಲದೆ, ಬೆಚ್ಚಗೆ ಬಡಿದಿತ್ತು. ಕಾಶವ್ವ ಬೆರಳು ಮಡಚಿ ಎಣಿಸಿ, ಅಂದು ಜಮಖಂಡಿಯಿಂದ ಮಗಳು ಫೋನ್ ಮಾಡಿದ್ದಳು, ಮೊಮ್ಮಗಳು ಅಜ್ಜಾ ಅಂದಳಂತೆ ಎಂದಳು. ಹೇಳುತ್ತ ಅವಳು ನಕ್ಕುಬಿಟ್ಟಳು. ಐದನೆಯ ದಿನದಲ್ಲಿ ವಿಶೇಷವೇನಿರಲಿಲ್ಲ.

ಕಸ್ತೂರಿ ಮಾತು ನಿಲ್ಲಿಸಿದಳು.

"ಎದಿ ನೋವ ಮದಲ ಯಾವಾಗ ಬಂತು?" ಎಂದು ಕಾಶವ್ವ ಕೇಳಿದಳು.

ಹದಿನಾಲ್ಕನೆಯ ದಿನ ಎನ್ನಬಹುದಾಗಿತ್ತು. ಅಮಾವಾಸ್ಯೆಯ ಹಿಂದಿನ ದಿನ, ಮರುದಿನವೇ ಓಡಿ ಬಂದೆ ಎನ್ನಬಹುದಾಗಿತ್ತು. ಮಡಿಲಲ್ಲಿ ಕೈಯಿಟ್ಟು ಕೂತಿದ್ದ ಈ ಹೆಂಗಸು ಅದನ್ನು ನಂಬುತ್ತಿದ್ದಳು, ನಂಬಿ ಕಸ್ತೂರಿಯ ತಲೆ ಸವರುತ್ತಿದ್ದಳು. ಅಲ್ಲ ಎಂದು ಹೇಳಬಲ್ಲ ಒಂದು ಕಾಗದ ಕೂಡ ರಾಜ್ಯದಲ್ಲಿ ಎಲ್ಲಿಯೂ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದಾಗ ಕಾಶವ್ವ ಅಲ್ಲಿರಲಿಲ್ಲ.

"ಆರನೇ ದಿನ" ಎಂದಳು ಕಸ್ತೂರಿ. "ಮಧ್ಯಾನ ಎರಡ ಹತ್ತಕ್ಕ."

"ಆರನೇ ದಿನ."

"ಹೂಂ."

"ಅವಾಗ ನಿನಗ ಅವರ ಅಂತ ಗೊತ್ತಿತ್ತೇನ?"

"ಗೊತ್ತಿತ್ತು ಚಿಗವ್ವಾ. ಎರಡನೇ ದಿನಾನ ಗೊತ್ತಾಗಿತ್ತು. ಮಗ್ಗದ ಬಡತದ ಮ್ಯಾಲೆ."

ಕಾಶವ್ವ ಬೆರಳು ಮಡಚಿದಳು. ಏಳು, ಎಂಟು, ಒಂಬತ್ತು. ಹದಿನೈದರವರೆಗೆ ಬಂದು ನಿಂತಳು.

"ಒಂಬತ್ತ ದಿನ."

"ಹೂಂ."

"ಆರಿಸಿ ಬರೂ ಸಲುವಾಗಿ."

ಕಸ್ತೂರಿ ಐನೂರು ಮನೆಯ ಮಾತು ಎತ್ತಲಿಲ್ಲ, ದವಾಖಾನೆಯ ಮಾತು ಎತ್ತಲಿಲ್ಲ. "ಹೂಂ" ಎಂದಳು, ಅಷ್ಟೇ.

ಕಾಶವ್ವ ನೆಲಕ್ಕೆ ಕೈಯೂರಿ ಎದ್ದಳು. ಸೆರಗು ಸರಿಮಾಡಿಕೊಂಡಳು. ಬಾಗಿಲತನಕ ಹೋಗಿ, ಒಂದು ಕಾಲು ಹೊಸ್ತಿಲಾಚೆ ಇಟ್ಟು, ಚೌಕಟ್ಟು ಹಿಡಿದು ನಿಂತಳು. ಓಣಿಯಲ್ಲಿ ಯಾರೋ ಇನ್ನೂ ಮತ ಹಾಕದವರನ್ನು ಕರೆಯುತ್ತ ಹೋಗುತ್ತಿದ್ದರು. ಆ ದನಿ ಮೂಲೆ ತಿರುಗಿ ಮರೆಯಾಗುವವರೆಗೂ ಅವಳು ಅಲುಗ‌ಲಿಲ್ಲ. ಕಸ್ತೂರಿ ಕೂತಲ್ಲಿಂದ ಏಳಲಿಲ್ಲ. ಕ್ಷಮಿಸು ಎಂಬ ಮಾತು ಬಾಯಿಗೆ ಬಂದರೂ ಅದನ್ನು ಆಡುವ ಹಕ್ಕು ತನಗಿದೆಯೆಂದು ಅವಳಿಗೆ ಅನ್ನಿಸಲಿಲ್ಲ.

ಕಾಶವ್ವ ಕಾಲು ಒಳಗೆ ತೆಗೆದುಕೊಂಡಳು. ತಿರುಗಿ ಬಂದಳು. ಮೊದಲು ಕೂತಿದ್ದ ಜಾಗದಲ್ಲಿ ಕೂರಲಿಲ್ಲ, ದೂರ, ಎದುರು ಗೋಡೆಗೆ ಕೂತಳು. ಕಸ್ತೂರಿಯ ಮುಖ ನೋಡದೆ, ನೆಲ ನೋಡುತ್ತ ಹೇಳಿದಳು:

"ಏಳನೇ ದಿನದ್ದ ಹೇಳು."